ಒದ್ದೆ ಮಣ್ಣಿನಲ್ಲಿ ಬಾಡುವ ಗಿಡ

ಹೊಗೆಸೊಪ್ಪು ಬೆಳೆಯುವವರಿಗೆ ಒಂದು ವಿಚಿತ್ರ ನೋಟ ಚೆನ್ನಾಗಿ ಗೊತ್ತು. ರಾತ್ರಿಯಿಡೀ ಜಡಿಮಳೆ ಹೊಡೆದು ಬೆಳಗ್ಗೆ ಮೋಡ ಹರಿದು ಬಿಸಿಲು ಚುರುಗುಟ್ಟಿತೆಂದರೆ, ಸಾಲುಗಳ ನಡುವೆ ನೀರು ಇನ್ನೂ ನಿಂತಿರುವಾಗಲೇ ಗಿಡಗಳು ಎಲೆ ಜೋಲುಬಿಟ್ಟು ನಿಂತುಬಿಡುತ್ತವೆ. ಬರಗಾಲದಲ್ಲಿ ಬಾಡಿದ ಗಿಡಕ್ಕೂ ಇದಕ್ಕೂ ಮೇಲುನೋಟಕ್ಕೆ ವ್ಯತ್ಯಾಸವೇ ಕಾಣದು. ಬುಡದಲ್ಲಿ ಬೇಕಾದಷ್ಟು ನೀರಿದ್ದೂ ಗಿಡಕ್ಕೆ ಬಾಯಾರಿಕೆ. ಅಮೆರಿಕದ ಉತ್ತರ ಕೆರೊಲಿನಾ ಹೊಗೆಸೊಪ್ಪಿನ ಸೀಮೆ. ಅಲ್ಲಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಸಸ್ಯವಿಜ್ಞಾನಿ ಪಾಲ್ ಕ್ರೇಮರ್ ಈ ಒಗಟಿನ ಬೆನ್ನು ಹತ್ತಿದರು. ಮಣ್ಣಿನಲ್ಲಿ ನೀರು ನಿಂತಾಗ ಗಿಡಕ್ಕೆ ಆಗುವ ಹಾನಿಯ ಕಾರಣಗಳನ್ನು ಬಿಡಿಸಿಟ್ಟ ಅವರ ಪ್ರಬಂಧ 1951ರಲ್ಲಿ ಪ್ರಕಟವಾಯಿತು. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಗಾಳಿ ಸಿಗದ ಬೇರಿಗೆ ನೀರನ್ನು ಒಳಗೆಳೆದುಕೊಳ್ಳುವ ಶಕ್ತಿಯೂ ಉಳಿಯುವುದಿಲ್ಲ.

ಕ್ರೇಮರ್ ಅಧ್ಯಯನ ಮಾಡಿದ ಅದೇ ಸಂಕಟ ಇಂದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಫ್ಲ್ಯಾಟುಗಳಲ್ಲಿ ಕಿಟಕಿ ಪಕ್ಕದ ಕುಂಡಗಳೊಳಗೆ ನಡೆಯುತ್ತಿದೆ. ನರ್ಸರಿಯಿಂದ ತಂದ ಪೀಸ್ ಲಿಲ್ಲಿಯೋ ಝಡ್‌ಝಡ್ ಗಿಡವೋ ಕೆಲವು ವಾರ ನಳನಳಿಸುತ್ತದೆ. ಆಮೇಲೆ ಬುಡದ ಎಲೆಗಳು ಹಳದಿಗೆ ತಿರುಗುತ್ತವೆ, ತುದಿ ಕಪ್ಪಾಗುತ್ತದೆ, ಒಂದು ಮಧ್ಯಾಹ್ನ ಗಿಡವೇ ಸೊರಗಿ ಬಾಗುತ್ತದೆ. ನೀರು ಸಾಲಲಿಲ್ಲವೇನೋ ಎಂದು ಮನೆಯವರು ಇನ್ನೊಂದು ಚೊಂಬು ಸುರಿಯುತ್ತಾರೆ. ಬಾಡಿದ ಗಿಡಕ್ಕೆ ನೀರು ಹಾಕಬೇಕೆಂಬುದು ಯಾರಿಗಾದರೂ ತೋಚುವ ಸಹಜ ಬುದ್ಧಿ. ಆ ಸಹಜ ಬುದ್ಧಿಯೇ ಇಲ್ಲಿ ಗಿಡವನ್ನು ಕೊಲ್ಲುತ್ತದೆ. ಗಿಡವನ್ನು ಉಳಿಸಬೇಕಾದರೆ ಮೊದಲು ಮಣ್ಣಿನೊಳಗೆ ಏನಾಗುತ್ತಿದೆ ಎಂಬುದು ತಿಳಿದಿರಬೇಕು.

ಎಲೆ ಉಸಿರಾಡುತ್ತದೆ ಎಂದರೆ ಎಲ್ಲರೂ ಒಪ್ಪುತ್ತಾರೆ. ಬೇರೂ ಉಸಿರಾಡುತ್ತದೆ ಎಂಬುದು ಶಾಲೆಯ ಪಾಠದಲ್ಲಿ ಒಂದು ಸಾಲಾಗಿ ಬಂದು ಮರೆತುಹೋಗುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಕಾಂಡದ ಮೂಲಕ ಇಳಿದು ಬೇರಿಗೆ ಬರುತ್ತದೆ; ಅದನ್ನು ಉರಿಸಿ ಶಕ್ತಿ ಪಡೆಯಲು ಬೇರಿಗೆ ಆಮ್ಲಜನಕ ಬೇಕು. ಆ ಆಮ್ಲಜನಕ ಬರುವುದು ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ. ನೀರು ಸುರಿದಾಗ ಈ ಸಂದುಗಳು ತುಂಬುತ್ತವೆ, ಹೆಚ್ಚಿನ ನೀರು ಬಸಿದು ಹೋದಾಗ ಅದರ ಹಿಂದೆಯೇ ಹೊಸ ಗಾಳಿ ಒಳಗೆ ಬರುತ್ತದೆ. ಆರೋಗ್ಯವಂತ ಕುಂಡದಲ್ಲಿ ಇದು ಮತ್ತೆ ಮತ್ತೆ ನಡೆಯುವ ಕ್ರಿಯೆ. ನೀರು ಬಸಿಯದಿದ್ದರೆ, ಇಲ್ಲವೇ ಬಸಿಯುವ ಮೊದಲೇ ಮತ್ತೆ ನೀರು ಬಿದ್ದರೆ, ಗಾಳಿಯ ಸರದಿ ಬರುವುದೇ ಇಲ್ಲ.

ನೀರಿನಲ್ಲಿಯೂ ಆಮ್ಲಜನಕ ಕರಗಿರುತ್ತದಲ್ಲ ಎಂದು ಕೇಳಬಹುದು. ಇರುತ್ತದೆ, ಆದರೆ ಎಷ್ಟು? 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರ್ ನೀರಿನಲ್ಲಿ ಕರಗಿರುವುದು 8 ಮಿಲಿಗ್ರಾಂ ಮಾತ್ರ. ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಹಾಗಾಗಿ ಬೇರಿನ ಸುತ್ತ ಇದ್ದದ್ದು ಖರ್ಚಾದ ಮೇಲೆ ಮೇಲಿನಿಂದ ಹೊಸದು ಬಂದು ತಲುಪುವುದಿಲ್ಲ. ಬೇರಿನ ಜೊತೆಗೆ ಮಣ್ಣಿನ ಕೋಟ್ಯಂತರ ಸೂಕ್ಷ್ಮಜೀವಿಗಳೂ ಅದೇ ಆಮ್ಲಜನಕಕ್ಕೆ ಕಾದಿರುತ್ತವೆ. ಬೇಸಿಗೆಯಲ್ಲಿ ಇದು ಇನ್ನೂ ಬೇಗ ಮುಗಿಯುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಬೆಚ್ಚಗಿನ ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆ.

ಉಸಿರುಗಟ್ಟಿದ ಬೇರು ತಕ್ಷಣ ಸಾಯುವುದಿಲ್ಲ, ಹುದುಗುವಿಕೆಯ ದಾರಿ ಹಿಡಿಯುತ್ತದೆ. ಆಮ್ಲಜನಕ ಇದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ 30ಕ್ಕೂ ಹೆಚ್ಚು ಎಟಿಪಿ, ಅಂದರೆ ಜೀವಕೋಶದ ಶಕ್ತಿಯ ಅಣುಗಳು, ಸಿಗುತ್ತಿದ್ದವು. ಹುದುಗುವಿಕೆಯಲ್ಲಿ ಸಿಗುವುದು ಎರಡೇ ಎರಡು. ಜೊತೆಗೆ ಆಲ್ಕೊಹಾಲ್ ತಯಾರಾಗುತ್ತದೆ, ಜೀವಕೋಶದ ಒಳಗೆ ಆಮ್ಲೀಯತೆ ಏರುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಿಡ ಬಾಡುವ ಗುಟ್ಟು ಈ ಆಮ್ಲೀಯತೆಯಲ್ಲೇ ಇದೆ. ಬೇರಿನ ಜೀವಕೋಶಗಳ ಪೊರೆಯಲ್ಲಿ ನೀರು ಹಾದುಹೋಗಲೆಂದೇ ಇರುವ ಪ್ರೋಟೀನಿನ ಕಿಂಡಿಗಳಿವೆ. ಅವುಗಳ ಹೆಸರು ಅಕ್ವಾಪೊರಿನ್. ಇವನ್ನು ಕಂಡುಹಿಡಿದದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅದೇ ವರ್ಷ ಫ್ರಾನ್ಸಿನ ಮಾಂಪೆಲಿಯೇ ನಗರದ ವಿಜ್ಞಾನಿಗಳು ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಬೇರಿನಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಆಮ್ಲಜನಕ ಇಲ್ಲದೆ ಜೀವಕೋಶ ಹುಳಿಯಾದಾಗ ಈ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಹೊರಗೆ ನೀರು ತುಂಬಿದೆ, ಬಾಗಿಲು ಹಾಕಿದೆ. ಎಲೆಗಳಿಂದ ನೀರು ಆವಿಯಾಗುತ್ತಲೇ ಇದೆ, ಕೆಳಗಿನಿಂದ ಪೂರೈಕೆಯಿಲ್ಲ.

ಟೊಮ್ಯಾಟೊದಂಥ ಗಿಡಗಳಲ್ಲಿ ಎಲೆ ಬಾಗುವುದಕ್ಕೆ ಮತ್ತೊಂದು ಕಾರಣವೂ ಸೇರಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಕೆಂಟ್ ಬ್ರಾಡ್‌ಫರ್ಡ್ ಮತ್ತು ಶಾಂಗ್ ಫಾ ಯಾಂಗ್ 1980ರಲ್ಲಿ ತೋರಿಸಿದಂತೆ, ಗಾಳಿಯಿಲ್ಲದ ಬೇರಿನಲ್ಲಿ ಎಥಿಲೀನ್ ಹಾರ್ಮೋನಿನ ಪೂರ್ವವಸ್ತು ಸಂಗ್ರಹವಾಗಿ, ನೀರಿನ ಜೊತೆ ಮೇಲೇರಿ, ಗಾಳಿ ಸಿಗುವ ಎಲೆಗಳಲ್ಲಿ ಎಥಿಲೀನ್ ಆಗುತ್ತದೆ. ಅದರಿಂದ ಎಲೆತೊಟ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಬೇಗ ಬೆಳೆದು ಎಲೆ ಕೆಳಕ್ಕೆ ಬಾಗುತ್ತದೆ. ಕೈಯಲ್ಲಿ ಮುಟ್ಟಿದರೆ ಇಂಥ ಎಲೆ ತುಂಬಿಕೊಂಡೇ ಇರುತ್ತದೆ. ನೀರಿಲ್ಲದೆ ಬಾಡಿದ ಎಲೆಯ ಹಾಗೆ ಕಾಗದದಂತೆ ತೆಳುವಾಗಿರುವುದಿಲ್ಲ. ಕುಂಡದ ಮುಂದೆ ನಿಂತು ಯೋಚಿಸುವವರಿಗೆ ಇದು ಉಪಯೋಗದ ಗುರುತು.

ಇಷ್ಟೆಲ್ಲ ಆದ ಮೇಲೆ ಬರುವುದು ಕೊಳೆರೋಗ. ಪಿಥಿಯಂ ಮತ್ತು ಫೈಟಾಫ್ತೊರಾ ಎಂಬ ಎರಡು ಕುಲಗಳ ಜೀವಿಗಳು ಶಿಲೀಂಧ್ರದಂತೆ ಕಂಡರೂ ಶಿಲೀಂಧ್ರಗಳಲ್ಲ. ಇವುಗಳ ಬೀಜಾಣುಗಳಿಗೆ ಎರಡು ಬಾಲಗಳಿದ್ದು, ಮಣ್ಣಿನ ಸಂದುಗಳಲ್ಲಿ ನಿಂತ ನೀರಿನಲ್ಲಿ ಅವು ಈಜುತ್ತವೆ. ಉಸಿರುಗಟ್ಟಿದ ಬೇರಿನಿಂದ ಒಸರುವ ಆಲ್ಕೊಹಾಲ್ ಫೈಟಾಫ್ತೊರಾದ ಈಜುವ ಬೀಜಾಣುಗಳನ್ನು ಸೆಳೆಯುತ್ತದೆ. ಸಂಕಟದಲ್ಲಿರುವ ಬೇರೇ ತನ್ನ ವೈರಿಗೆ ದಾರಿ ತೋರಿಸುತ್ತದೆ ಎನ್ನಬೇಕು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಕುಲದ ಪರಿಚಯ ಹೇಳಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ಅಡಿಕೆ ಗೊನೆಯಿಂದ ಕಾಯಿ ಉದುರಿಸುವ ಕೊಳೆರೋಗ ಫೈಟಾಫ್ತೊರಾದ್ದೇ ಕೆಲಸ. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದನ್ನು ವಿವರಿಸಿ, ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯನ್ನು ತೋಟಗಳಿಗೆ ತಂದರು. ಕಾಳುಮೆಣಸಿನ ಬಳ್ಳಿಯನ್ನು ಕೆಲವೇ ದಿನಗಳಲ್ಲಿ ಒಣಗಿಸುವ ಸೊರಗು ರೋಗವೂ ಇದೇ ಕುಲದ ಇನ್ನೊಂದು ಜಾತಿಯದು. ಮದ್ದು ಹೊಡೆಯುವುದಕ್ಕಿಂತ ಮೊದಲು ಬಸಿಗಾಲುವೆ ಸರಿಮಾಡು ಎಂಬ ತೋಟಗಾರರ ಮಾತು ಕುಂಡಕ್ಕೂ ಅಕ್ಷರಶಃ ಅನ್ವಯಿಸುತ್ತದೆ.

ಹಾಗಾದರೆ ಸದಾ ನೀರಿನಲ್ಲೇ ನಿಂತಿರುವ ಗಿಡಗಳು ಬದುಕುವುದು ಹೇಗೆ? ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇದಕ್ಕೆ ಸೊಗಸಾದ ಉತ್ತರವಿದೆ. ಅಲ್ಲಿನ ರಾಮಪತ್ರೆ ಜಡ್ಡಿಗಳಲ್ಲಿ ವರ್ಷದ ಬಹುಕಾಲ ಕೆಸರು. ಆ ಜೌಗಿನ ಮರಗಳಲ್ಲಿ ಕೆಲವು ಕಾಂಡದಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಡುತ್ತವೆ, ಇನ್ನು ಕೆಲವು ಬೇರನ್ನು ಮೊಣಕಾಲಿನಂತೆ ಮಡಚಿ ಕೆಸರಿನ ಮೇಲಕ್ಕೆತ್ತಿ ಗಾಳಿಗೆ ಒಡ್ಡುತ್ತವೆ. ಅಘನಾಶಿನಿ ಅಳಿವೆಯ ಕಾಂಡ್ಲಾ ಗಿಡಗಳಲ್ಲಿಯೂ ಉಸಿರಾಡಲೆಂದೇ ಕೆಸರಿನಿಂದ ಮೇಲೆದ್ದ ಬೇರುಗಳಿವೆ. ಅದೇ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಉಪ್ಪುನೀರು, ನೆರೆ ಎರಡನ್ನೂ ತಾಳಿಕೊಂಡು ಬೆಳೆಯುತ್ತದೆ. ಭತ್ತದ ಬೇರು, ಕಾಂಡಗಳ ಒಳಗೆ ಗಾಳಿ ಸಾಗುವ ಟೊಳ್ಳು ಕೊಳವೆಗಳಿರುತ್ತವೆ. ಎಲೆಯ ಆಮ್ಲಜನಕ ಆ ದಾರಿಯಲ್ಲಿ ಕೆಸರಿನೊಳಗಿನ ಬೇರಿನ ತುದಿಯವರೆಗೂ ಇಳಿಯುತ್ತದೆ. ಈ ಎಲ್ಲ ಗಿಡಗಳೂ ಗಾಳಿಗೆ ತಮ್ಮದೇ ದಾರಿ ಮಾಡಿಕೊಂಡಿವೆ. ಬೇರಿಗೆ ಗಾಳಿ ಬೇಡವೆನ್ನುವ ಗಿಡ ಇವುಗಳಲ್ಲಿ ಒಂದೂ ಇಲ್ಲ.

ಮನಿಪ್ಲಾಂಟಿನ ವಿಷಯದಲ್ಲಿ ಅನೇಕರಿಗೆ ಗೊಂದಲವಾಗುವುದೂ ಇಲ್ಲಿಯೇ. ಬಾಟಲಿಯ ನೀರಿನಲ್ಲಿ ವರ್ಷಗಟ್ಟಲೆ ಹಸಿರಾಗಿರುವ ಬಳ್ಳಿ, ಒದ್ದೆ ಮಣ್ಣಿನ ಕುಂಡದಲ್ಲಿ ಕೊಳೆಯುತ್ತದೆ. ಬಾಟಲಿಯಲ್ಲಿ ಹೊಸದಾಗಿ ಮೂಡಿದ ಬೇರುಗಳು ನೀರಿನಲ್ಲೇ ಹುಟ್ಟಿದವು, ಒಳಗೆ ಗಾಳಿಯ ಸಂದುಗಳನ್ನು ಇಟ್ಟುಕೊಂಡೇ ಬೆಳೆದವು. ಬಾಟಲಿಯ ನೀರನ್ನು ಆಗಾಗ ಬದಲಿಸುತ್ತಾರೆ, ಅದರಲ್ಲಿ ಕೊಳೆಯುವ ಗೊಬ್ಬರವಿಲ್ಲ, ಆಮ್ಲಜನಕ ತಿನ್ನುವ ಸೂಕ್ಷ್ಮಜೀವಿಗಳೂ ಕಡಿಮೆ. ಮಣ್ಣಿನಲ್ಲಿ ಹುಟ್ಟಿದ ಬೇರಿಗೆ ಆ ಸಿದ್ಧತೆಯಿಲ್ಲ.

ಮನೆಯೊಳಗಿನ ಗಿಡಕ್ಕೆ ಎಷ್ಟು ನೀರು ಬೇಕು ಎಂಬ ಪ್ರಶ್ನೆಗೆ ತೀರ ಹಳೆಯ ಪ್ರಯೋಗವೊಂದು ಒಳ್ಳೆಯ ಉತ್ತರ ಕೊಡುತ್ತದೆ. ಇಂಗ್ಲೆಂಡಿನ ಟೆಡಿಂಗ್ಟನ್ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್ 1724ರ ಬೇಸಿಗೆಯಲ್ಲಿ ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವಿದ್ದ ಕುಂಡದ ಬಾಯಿಯನ್ನು ಸೀಸದ ತಗಡಿನಿಂದ ಮುಚ್ಚಿ, ಬೆಳಗ್ಗೆ ಸಂಜೆ ತೂಕ ಮಾಡುತ್ತ ಹೋದರು. ಗಿಡ ಹಗಲಿನ 12 ಗಂಟೆಗಳಲ್ಲಿ ಸರಾಸರಿ ಸುಮಾರು 570 ಗ್ರಾಂ ನೀರನ್ನು ಆವಿಯಾಗಿ ಬಿಡುತ್ತಿತ್ತು. ಒಣಹವೆಯ ಬಿಸಿ ದಿನದಲ್ಲಿ ಇದು ಸುಮಾರು 850 ಗ್ರಾಮಿಗೆ ಏರಿತು. ಬೆಚ್ಚಗಿನ ಒಣ ರಾತ್ರಿಯಲ್ಲಿ ಕಳೆದದ್ದು 85 ಗ್ರಾಂ. ಇಬ್ಬನಿ ಬಿದ್ದ ರಾತ್ರಿ ಏನೂ ಇಲ್ಲ. ಗಿಡ ಅದೇ, ಕುಂಡ ಅದೇ. ಬೆಳಕು ಮತ್ತು ಹವೆಯ ತೇವ ಬದಲಾದಂತೆ ಬಾಯಾರಿಕೆಯೂ ಬದಲಾಯಿತು. 1727ರಲ್ಲಿ ಹೇಲ್ಸ್ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು.

ದಿನಕ್ಕೊಂದು ಲೋಟ, ವಾರಕ್ಕೆರಡು ಸಲ ಎಂಬ ಲೆಕ್ಕಗಳು ನಂಬತಕ್ಕವಲ್ಲ ಎಂಬುದು ಹೇಲ್ಸರ ತಕ್ಕಡಿಯಿಂದಲೇ ಸ್ಪಷ್ಟ. ಬಯಲಿನ ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಇರುತ್ತದೆ. ಕಿಟಕಿಯಿಂದ ದೂರದ ಹಜಾರದ ಮೂಲೆಯಲ್ಲಿ ಅದು ಕೆಲವು ನೂರು ಲಕ್ಸ್‌ಗೆ ಇಳಿದಿರುತ್ತದೆ. ಆ ಮೂಲೆಯ ಗಿಡ ಕುಡಿಯುವುದೇ ಸ್ವಲ್ಪ. ಅದರ ಮೇಲೆ ಆಷಾಢದ ಮಳೆಯಲ್ಲಿ ಕರಾವಳಿ, ಮಲೆನಾಡುಗಳ ಹವೆಯೆಲ್ಲ ತೇವ. ಏಪ್ರಿಲ್ ತಿಂಗಳ ಅಭ್ಯಾಸವನ್ನೇ ಜುಲೈನಲ್ಲಿ ಮುಂದುವರಿಸಿದರೆ ಬೇರು ಕೊಳೆಯದೆ ಇನ್ನೇನಾಗಬೇಕು?

ಕುಂಡದ ತಳದಲ್ಲಿ ಜಲ್ಲಿ ಹಾಕಿದ್ದೇವೆ, ನೀರು ಬಸಿಯುತ್ತದೆ ಎಂಬ ಭರವಸೆಯೂ ಪೂರ್ತಿ ನಿಜವಲ್ಲ. ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದುಕೊಳ್ಳುತ್ತವೆ. ಜಲ್ಲಿಯ ದೊಡ್ಡ ಸಂದುಗಳಿಗೆ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಮಣ್ಣಿನ ತಳದಲ್ಲಿ ಎಂದಿನಂತೆ ಒಂದು ನೆನೆದ ಪದರ ಉಳಿದೇ ಉಳಿಯುತ್ತದೆ. ಜಲ್ಲಿ ಹಾಕಿದಾಗ ಆ ಪದರ ಇನ್ನಷ್ಟು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ ಅಷ್ಟೇ. ಅನುಮಾನವಿದ್ದವರು ಪಾತ್ರೆ ತೊಳೆಯುವ ಸ್ಪಂಜೊಂದನ್ನು ನೀರಿನಲ್ಲಿ ಅದ್ದಿ ಅಡ್ಡವಾಗಿ ಹಿಡಿದು ನೋಡಬಹುದು. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ತಿರುಗಿಸಿದರೆ ಮತ್ತಷ್ಟು ನೀರು ಸುರಿಯುತ್ತದೆ. ತಳದ ನೆನೆದ ಪದರದ ಎತ್ತರ ಸ್ಪಂಜಿನ ರಂಧ್ರಗಳನ್ನು ಅವಲಂಬಿಸಿದೆ. ಎತ್ತರವಾಗಿ ನಿಂತಾಗ ಅದರ ಹೆಚ್ಚು ಭಾಗ ಬರಿದಾಗುತ್ತದೆ. ಆದ್ದರಿಂದ ಉರುಟು ಕಣಗಳನ್ನು ಮಣ್ಣಿನ ಉದ್ದಕ್ಕೂ ಬೆರೆಸುವುದರಲ್ಲಿ ಪ್ರಯೋಜನವಿದೆ. ಬರೀ ಕೆಂಪುಮಣ್ಣು ಕುಂಡದಲ್ಲಿ ಬೇಗ ಗಟ್ಟಿಯಾಗುತ್ತದೆ, ಬರೀ ಕೊಕೊಪೀಟ್ ಮೇಲೆ ಒಣಗಿದಂತೆ ಕಂಡರೂ ಒಳಗೆ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿರುತ್ತದೆ. ತೂತೇ ಇಲ್ಲದ ಪಿಂಗಾಣಿ ಕುಂಡಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ಹೊರಕವಚವಾಗಿ ಮಾತ್ರ ಇರಲಿ.

ಇನ್ನು ಚಿಕಿತ್ಸೆ. ಗಿಡ ಸೊರಗಿದಾಗ ಮೊದಲು ಬೆರಳನ್ನು ಎರಡು ಅಂಗುಲ ಮಣ್ಣಿಗೆ ಇಳಿಸಬೇಕು, ಕುಂಡವನ್ನು ಎತ್ತಿ ಭಾರ ನೋಡಬೇಕು, ಮೂಸಬೇಕು. ಒಣಮಣ್ಣಾದರೆ ನೀರು ಕೊಟ್ಟರೆ ಮುಗಿಯಿತು. ಮಣ್ಣು ಒದ್ದೆಯಿದ್ದು, ಕುಂಡ ಭಾರವಾಗಿದ್ದು, ವಾಸನೆ ಇನ್ನೂ ಮಣ್ಣಿನದೇ ಆಗಿದ್ದರೆ ರೋಗ ಎಳೆಯದು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ನೇರ ಬಿಸಿಲು ಬೀಳದ, ಗಾಳಿಯಾಡುವ ಬೆಳಕಿನ ಜಾಗಕ್ಕೆ ಕುಂಡವನ್ನು ಸರಿಸಿ, ಅಗರಬತ್ತಿಯ ಕಡ್ಡಿಯಂಥದ್ದರಿಂದ ಮಣ್ಣಿನಲ್ಲಿ ಅಲ್ಲಲ್ಲಿ ತೂತು ಮಾಡಿದರೆ ಸಾಕಾಗಬಹುದು. ಮಣ್ಣಿನ ಮುದ್ದೆಯನ್ನು ಇಡಿಯಾಗಿ ಕುಂಡದಿಂದ ಜಾರಿಸಿ, ಹಳೆಯ ಪತ್ರಿಕೆಗಳ ದಪ್ಪ ಮಡಿಕೆಯ ಮೇಲೆ ಒಂದು ರಾತ್ರಿ ಕೂರಿಸುವುದು ಇನ್ನೂ ಉತ್ತಮ. ತಳದ ನೆನೆದ ಪದರದ ನೀರನ್ನು ಕಾಗದ ಹೀರಿಕೊಳ್ಳುತ್ತದೆ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಾಯುವುದು ಬೇಡ. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಗಂಧಕದ ಅನಿಲ ಬಿಡುತ್ತಿವೆ ಎಂದೇ ಅದರ ಅರ್ಥ. ಗಿಡವನ್ನು ಹೊರತೆಗೆದು, ನಲ್ಲಿಯ ನೀರಿನಲ್ಲಿ ಬೇರನ್ನು ಮೆಲ್ಲಗೆ ತೊಳೆದು, ಒಂದೊಂದಾಗಿ ನೋಡಬೇಕು. ಆರೋಗ್ಯವಂತ ಬೇರು ಬಿಳಿಯಾಗಿ ಅಥವಾ ತಿಳಿಗಂದಾಗಿ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು, ಲೋಳೆ. ಬೆರಳಲ್ಲಿ ಎಳೆದರೆ ಹೊರಪದರ ಕಳಚಿ ಬಂದು ಒಳಗಿನ ದಾರ ಮಾತ್ರ ಉಳಿಯುತ್ತದೆ. ಬಣ್ಣಕ್ಕಿಂತ ಗಟ್ಟಿತನವನ್ನೇ ನಂಬಬೇಕು, ಏಕೆಂದರೆ ಕೆಲವು ಗಿಡಗಳ ಬೇರು ಹುಟ್ಟಿನಿಂದಲೇ ಬಣ್ಣದ್ದು. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕೊಳೆತದ್ದನ್ನೆಲ್ಲ ಗಟ್ಟಿಭಾಗ ಸಿಗುವವರೆಗೆ ಕತ್ತರಿಸಬೇಕು. ಇಲ್ಲಿ ಕನಿಕರ ತೋರಿಸಿದರೆ ಉಳಿದ ಬೇರಿಗೂ ಕೊಳೆ ಹತ್ತುತ್ತದೆ.

ಎಲೆಗಳ ವಿಷಯದಲ್ಲಿ ಮಾತ್ರ ಕೈ ಬಿಗಿಹಿಡಿಯುವುದು ಒಳ್ಳೆಯದು. ಬೇರು ಕಡಿಮೆಯಾಯಿತೆಂದು ಅಷ್ಟೇ ಪ್ರಮಾಣದಲ್ಲಿ ಹಸಿರೆಲೆಯನ್ನೂ ಕತ್ತರಿಸುವವರಿದ್ದಾರೆ. ಹೊಸ ಬೇರು ಕಟ್ಟಲು ಬೇಕಾದ ಸಕ್ಕರೆ ಬರುವುದು ಆ ಎಲೆಗಳಿಂದಲೇ. ಹಳದಿಯಾದವು, ಕೊಳೆತವು ಹೋಗಲಿ, ಹಸಿರು ಉಳಿಯಲಿ. ಬೇರು ಬಹುಪಾಲು ಹೋಗಿದ್ದರೆ ಗಿಡದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಮುಚ್ಚಿ, ದಿನವೂ ಒಮ್ಮೆ ತೆರೆದು ಗಾಳಿ ಕೊಡುವುದರಿಂದ ಎಲೆಗಳಿಂದ ಆವಿ ಹೋಗುವುದು ಕಡಿಮೆಯಾಗುತ್ತದೆ. ಲೋಳೆಸರ, ಜೇಡ್, ಅಡೀನಿಯಂನಂಥ ರಸಭರಿತ ಗಿಡಗಳಿಗೆ ಈ ಮುಚ್ಚಿಗೆ ಬೇಡ. ಅವನ್ನು ಕತ್ತರಿಸಿದ ಮೇಲೆ ಗಾಯ ಒಣಗುವವರೆಗೆ ಕೆಲವು ದಿನ ನೆರಳಿನಲ್ಲಿ ಬರಿದೇ ಇಡಬೇಕು.

ಹೊಸ ಕುಂಡ ಉಳಿದ ಬೇರಿನ ಅಳತೆಯದಾಗಿರಲಿ. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣೆಲ್ಲ ಒದ್ದೆಯಾಗಿಯೇ ಉಳಿಯುತ್ತದೆ. ಸುಟ್ಟ ಮಣ್ಣಿನ ಕುಂಡವಾದರೆ ಗೋಡೆಯ ಮೂಲಕವೂ ತೇವ ಆರುತ್ತದೆ. ಕೆಂಪುಮಣ್ಣು ಒಂದು ಪಾಲು, ಕೊಕೊಪೀಟ್ ಅಥವಾ ಮಾಗಿದ ಎರೆಗೊಬ್ಬರ ಒಂದು ಪಾಲು, ಪರ್ಲೈಟ್, ದಪ್ಪ ಮರಳು, ಇದ್ದಿಲಿನ ಚೂರು, ಇಟ್ಟಿಗೆ ಚೂರುಗಳಲ್ಲಿ ಸಿಕ್ಕಿದ್ದು ಒಂದು ಪಾಲು ಬೆರೆಸಿದರೆ ಗಾಳಿಯಾಡುವ ಮಣ್ಣು ಸಿದ್ಧ. ನುಣ್ಣನೆಯ ಮರಳು ಮಾತ್ರ ಬೇಡ, ಅದು ಇದ್ದ ಸಂದುಗಳನ್ನೂ ತುಂಬಿಬಿಡುತ್ತದೆ. ನೆಟ್ಟ ಮೇಲೆ ಒಂದು ಸಲ ನೀರು ಕೊಟ್ಟು ಪೂರ್ತಿ ಬಸಿಯಲು ಬಿಟ್ಟು, ಮತ್ತೆ ಕೊಡುವುದು ಮೇಲಿನ ಎರಡು ಅಂಗುಲ ಒಣಗಿದ ಮೇಲೆ.

ಗೊಬ್ಬರ ಹಾಕಿ ಚೇತರಿಸಿಕೊಳ್ಳಲಿ ಎಂಬ ಆಸೆ ಸಹಜ, ಆದರೆ ಅಪಾಯದ್ದು. ಗೊಬ್ಬರದ ಲವಣಗಳಿಂದ ಗಾಯಗೊಂಡ ಬೇರಿಗೆ ನೀರೆಳೆಯುವುದು ಇನ್ನಷ್ಟು ಕಷ್ಟವಾಗುತ್ತದೆ. ಹೈಡ್ರೊಜನ್ ಪೆರಾಕ್ಸೈಡ್ ಸುರಿಯುವುದು ಈಗ ಜನಪ್ರಿಯ. ಅದು ಮಣ್ಣಿನಲ್ಲಿ ಬೇಗನೆ ಒಡೆದು ಒಂದಿಷ್ಟು ಆಮ್ಲಜನಕ ಬಿಡುತ್ತದೆ ನಿಜ. ಆದರೆ ಆ ಪ್ರಯೋಜನ ಕ್ಷಣಿಕ, ಒಳ್ಳೆಯ ಸೂಕ್ಷ್ಮಜೀವಿಗಳೂ ಅದರಿಂದ ಸಾಯುತ್ತವೆ. ಬಸಿಯದ ಮಣ್ಣನ್ನು ಬದಲಿಸದೆ ಅದನ್ನು ಸುರಿದು ಫಲವಿಲ್ಲ. ರೈತರಿಗೆ ಪರಿಚಿತವಾದ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಹೊಸ ಮಣ್ಣಿಗೆ ಬೆರೆಸುವುದು ಒಳ್ಳೆಯ ಮುನ್ನೆಚ್ಚರಿಕೆ. ಆಗಲೇ ಕೊಳೆತ ಬೇರನ್ನು ಅದು ಬದುಕಿಸಲಾರದು.

ಕೆಲವು ಗಿಡ ಉಳಿಯುವುದಿಲ್ಲ. ಕಾಂಡದ ಬುಡವೇ ಮೆತ್ತಗಾಗಿದ್ದರೆ ಬೇರಿನ ಆಸೆ ಬಿಟ್ಟು ಮೇಲಿನ ಗಟ್ಟಿಭಾಗವನ್ನು ಕಾಪಾಡಬೇಕು. ಮನಿಪ್ಲಾಂಟಿನ ಗೆಣ್ಣುಳ್ಳ ತುಂಡು ನೀರಿನಲ್ಲಿ ಬೇರು ಬಿಡುತ್ತದೆ. ದೊಡ್ಡಪತ್ರೆ, ಬ್ರಹ್ಮಕಮಲಗಳ ತುಂಡುಗಳೂ ಸುಲಭವಾಗಿ ಚಿಗುರುತ್ತವೆ. ಸ್ನೇಕ್ ಪ್ಲಾಂಟಿನ ಎಲೆಯ ತುಂಡಿನಿಂದಲೂ ಹೊಸ ಗಿಡ ಬರುತ್ತದೆ. ಹಳದಿ ಅಂಚಿನ ತಳಿಯಾದರೆ ಎಲೆಯಿಂದ ಬಂದ ಮರಿಗೆ ಆ ಅಂಚು ಇರುವುದಿಲ್ಲ, ಬುಡದ ಗಡ್ಡೆಯನ್ನು ಸೀಳಿ ನೆಟ್ಟರೆ ಮಾತ್ರ ಅದು ಉಳಿಯುತ್ತದೆ. ಇಡೀ ಗಿಡವನ್ನು ಮರುನೆಡುವಾಗಲೂ ಒಂದೆರಡು ತುಂಡುಗಳನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಜಾಣತನ.

ಚೇತರಿಕೆ ವಾರಗಟ್ಟಲೆ ಹಿಡಿಯುತ್ತದೆ. ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಎದೆಗುಂದಬೇಕಾಗಿಲ್ಲ. ಹೊಸ ಚಿಗುರು ಬಂದರೆ ಕೆಳಗೆ ಬೇರು ಹೊರಟಿದೆ ಎಂದು ತಿಳಿಯಬಹುದು. ಗೊಬ್ಬರದ ಯೋಚನೆ ಅಲ್ಲಿಂದ ಮುಂದೆ. ಕೊನೆಯದಾಗಿ ಒಂದು ಕೋರಿಕೆ: ಕೊಳೆತ ಗಿಡದಿಂದ ತೆಗೆದ ಮಣ್ಣನ್ನು ದಯವಿಟ್ಟು ಪಕ್ಕದ ಕುಂಡಕ್ಕೋ ಹಿತ್ತಲಿನ ಮೆಣಸಿನ ಬಳ್ಳಿಯ ಬುಡಕ್ಕೋ ಸುರಿಯಬೇಡಿ. ಫೈಟಾಫ್ತೊರಾದ ದಪ್ಪಗೋಡೆಯ ಬೀಜಾಣುಗಳು ಗಿಡ ಸತ್ತ ಮೇಲೂ ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ. ಆ ಮಣ್ಣನ್ನು ಸ್ವಲ್ಪ ತೇವ ಮಾಡಿ, ಪಾರದರ್ಶಕ ಪಾಲಿಥೀನ್ ಹಾಳೆಯಲ್ಲಿ ತೆಳುವಾಗಿ ಸುತ್ತಿ, ಕಡುಬೇಸಿಗೆಯ ಬಿಸಿಲಿನಲ್ಲಿ ನಾಲ್ಕರಿಂದ ಆರು ವಾರ ಬೇಯಿಸಿದ ಮೇಲೆಯೇ ಮತ್ತೆ ಬಳಸಿ.